ಸಣ್ಣ ವೈರಾಣು, ದೀರ್ಘ ಮೌನ: ಗರ್ಭಕಂಠದ ಕ್ಯಾನ್ಸರ್ ಬಗ್ಗೆ ನಮ್ಮ ಕುಟುಂಬಗಳು ತಿಳಿದಿರಬೇಕಾದದ್ದು

ಬೆಂಗಳೂರಿನ ಶಿವಾಜಿನಗರ ಎಂದೊಡನೆ ಕರಾವಳಿಯ ಕಥೊಲಿಕರಿಗೆ ನೆನಪಾಗುವುದು ಸಂತ ಮರಿಯಮ್ಮನವರ ಬೆಸಿಲಿಕಾ. ಸೆಪ್ಟೆಂಬರ್ 8ರಂದು ನಾವು ಇಲ್ಲಿ ಹೊಸ ತೆನೆಯ ಹಬ್ಬ ಆಚರಿಸುವಾಗ ಅಲ್ಲಿ ಲಕ್ಷಾಂತರ ಭಕ್ತರು ಸೇರುತ್ತಾರೆ. ಅದೇ ಶಿವಾಜಿನಗರದಲ್ಲಿ ಎರಡು ಹಳೆಯ ಸರಕಾರಿ ಆಸ್ಪತ್ರೆಗಳಿವೆ. ಒಂದು ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆ, ಇನ್ನೊಂದು ಹಾಜಿ ಸರ್ ಇಸ್ಮಾಯಿಲ್ ಸೇಠ್ ಘೋಷಾ ಆಸ್ಪತ್ರೆ. ಈ ದಂಡು ಪ್ರದೇಶದಿಂದ ಪೂರ್ವಕ್ಕೆ ಹಲಸೂರು, ಇಂದಿರಾನಗರ, ಕೆ.ಆರ್. ಪುರಂವರೆಗೆ ಮಂಗಳೂರು, ಉಡುಪಿ, ಕಾರವಾರ ಕಡೆಯಿಂದ ಹೋಗಿ ನೆಲೆಸಿದ ಕುಟುಂಬಗಳು ಬಹಳಷ್ಟಿವೆ. ನಮ್ಮ ಹೆಣ್ಣುಮಕ್ಕಳು ಅಲ್ಲಿ ದಾದಿಯರಾಗಿ, ಶಿಕ್ಷಕಿಯರಾಗಿ, ಕಂಪೆನಿ ಉದ್ಯೋಗಿಗಳಾಗಿ, ಮನೆಗೆಲಸದವರಾಗಿ ದುಡಿಯುತ್ತಿದ್ದಾರೆ.

ಈ ತಾಯಂದಿರೂ ಹೆಣ್ಣುಮಕ್ಕಳೂ ಬಹುಮಟ್ಟಿಗೆ ತಡೆಗಟ್ಟಬಹುದಾದ ಒಂದು ಕಾಯಿಲೆಯ ಬಗ್ಗೆ ಈ ಲೇಖನ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಸುಮಾರು 1.27 ಲಕ್ಷ ಮಹಿಳೆಯರಿಗೆ ಗರ್ಭಕಂಠದ ಕ್ಯಾನ್ಸರ್ ಬಂದಿದೆ. ಅದೇ ವರ್ಷ ಸುಮಾರು 80 ಸಾವಿರ ಮಹಿಳೆಯರು ಈ ಕಾಯಿಲೆಯಿಂದ ತೀರಿಕೊಂಡಿದ್ದಾರೆ. ಅಂದರೆ ದಿನಕ್ಕೆ ಇನ್ನೂರಕ್ಕೂ ಹೆಚ್ಚು ಸಾವು. ಇದಕ್ಕೆ ಮೂಲ ಕಾರಣ ಒಂದು ಪುಟ್ಟ ವೈರಾಣು. ಈ ವೈರಾಣು ಏನು, ಅದು ಹೇಗೆ ಕೆಲಸ ಮಾಡುತ್ತದೆ, ಅದರ ಎದುರು ನಾವೇನು ಮಾಡಬಹುದು ಎಂಬುದನ್ನು ಇಲ್ಲಿ ಸರಳವಾಗಿ ವಿವರಿಸಲು ಪ್ರಯತ್ನಿಸಿದ್ದೇವೆ.

ಎಚ್‌ಪಿವಿ ಎಂದರೇನು?

ಮನುಷ್ಯರಲ್ಲಿ ಗಡ್ಡೆಗೆ ಕಾರಣವಾಗಬಲ್ಲ ಸಣ್ಣ ಡಿಎನ್‌ಎ ವೈರಾಣುಗಳಲ್ಲಿ ಎರಡು ಕುಟುಂಬಗಳು ಮುಖ್ಯವಾದವು: ಪ್ಯಾಪಿಲೋಮಾ ಮತ್ತು ಪಾಲಿಯೋಮಾ. ಮಾನವ ಪ್ಯಾಪಿಲೋಮಾ ವೈರಸ್ ಎಂಬುದರ ಸಂಕ್ಷಿಪ್ತ ರೂಪವೇ ಎಚ್‌ಪಿವಿ. ಮನುಷ್ಯನ ವಂಶವಾಹಿ ಮಾಹಿತಿಯನ್ನು ಒಂದು ಪುಸ್ತಕ ಎಂದುಕೊಂಡರೆ ಅದರಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಎಚ್‌ಪಿವಿಯಲ್ಲಿ ಇರುವುದು ಸುಮಾರು 8 ಸಾವಿರ ಮಾತ್ರ. ಪಾಲಿಯೋಮಾ ವೈರಾಣುವಿನಲ್ಲಿ ಇನ್ನೂ ಕಡಿಮೆ, ಸುಮಾರು 5 ಸಾವಿರ.

ಇಷ್ಟು ಸಣ್ಣ ವೈರಾಣುವಿಗೆ ತನ್ನ ಡಿಎನ್‌ಎಯನ್ನು ನಕಲು ಮಾಡಿಕೊಳ್ಳುವ ಸ್ವಂತ ಯಂತ್ರವಿಲ್ಲ. ಅದಕ್ಕಾಗಿ ಅದು ನಮ್ಮ ಜೀವಕೋಶವನ್ನೇ ಅವಲಂಬಿಸಬೇಕು. ಆದರೆ ಜೀವಕೋಶದ ನಕಲು ಯಂತ್ರ ಚಾಲೂ ಆಗುವುದು ಕೋಶ ವಿಭಜನೆಯಾಗುವ ಸಮಯದಲ್ಲಿ ಮಾತ್ರ. ಚರ್ಮದ, ಗರ್ಭಕಂಠದ ಹೊರಪದರದ ಕೋಶಗಳು ಮೇಲಕ್ಕೆ ಬಂದಂತೆ ವಿಭಜನೆ ನಿಲ್ಲಿಸಿ ವಿಶ್ರಾಂತಿಗೆ ಹೋಗುತ್ತವೆ. ಹೀಗೆ ಮಲಗಿದ ಕಾರ್ಖಾನೆಯನ್ನು ಬಲವಂತವಾಗಿ ಎಬ್ಬಿಸಿ ಕೆಲಸಕ್ಕೆ ಹಚ್ಚುವುದೇ ವೈರಾಣುವಿನ ಉಪಾಯ.

ಜೀವಕೋಶದ ಎರಡು ಬ್ರೇಕುಗಳು

ನಮ್ಮ ಜೀವಕೋಶಗಳು ಬೇಕಾಬಿಟ್ಟಿ ಬೆಳೆಯದಂತೆ ತಡೆಯುವ ಬ್ರೇಕುಗಳು ಇವೆ. ಅವುಗಳಲ್ಲಿ ಪಿ53 ಮತ್ತು ಆರ್‌ಬಿ ಎಂಬ ಎರಡು ಪ್ರೋಟೀನುಗಳು ಮುಖ್ಯ. ಕೋಶಕ್ಕೆ ಹಾನಿಯಾದರೆ ಪಿ53 ವಿಭಜನೆಯನ್ನು ನಿಲ್ಲಿಸುತ್ತದೆ, ಅಥವಾ ಆ ಕೋಶವೇ ಸಾಯುವಂತೆ ಮಾಡುತ್ತದೆ. ಆರ್‌ಬಿಯು ಅನುಮತಿ ಇಲ್ಲದೆ ಕೋಶವು ವಿಭಜನೆಗೆ ಇಳಿಯದಂತೆ ಬಾಗಿಲು ಕಾಯುತ್ತದೆ. ಎಚ್‌ಪಿವಿಯ ಇ6 ಎಂಬ ಪ್ರೋಟೀನು ಪಿ53ಯನ್ನು ನಾಶಪಡಿಸುತ್ತದೆ. ಇ7 ಎಂಬುದು ಆರ್‌ಬಿಯನ್ನು ಕಟ್ಟಿಹಾಕುತ್ತದೆ. ಎರಡೂ ಬ್ರೇಕು ಹೋದ ವಾಹನ ಘಾಟಿಯಲ್ಲಿ ಇಳಿದರೆ ಏನಾಗುತ್ತದೆ ಎಂದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ.

ಆದರೂ ಕ್ಯಾನ್ಸರ್ ಉಂಟುಮಾಡುವುದರಿಂದ ವೈರಾಣುವಿಗೆ ಯಾವ ಲಾಭವೂ ಇಲ್ಲ. ಸಾಮಾನ್ಯವಾಗಿ ಅದು ಹೊರಪದರದಲ್ಲಿ ತನ್ನ ಸಂತತಿ ಬೆಳೆಸಿ, ಉದುರುವ ಕೋಶಗಳ ಜೊತೆ ಹೊರಗೆ ಹೋಗುತ್ತದೆ. ಕೆಲವೊಮ್ಮೆ ಮಾತ್ರ ಅದರ ಡಿಎನ್‌ಎ ತುಂಡಾಗಿ ನಮ್ಮ ವರ್ಣತಂತುವಿನೊಳಗೆ ಸೇರಿಬಿಡುತ್ತದೆ. ಆಗ ಇ6, ಇ7ಗಳನ್ನು ಹತೋಟಿಯಲ್ಲಿ ಇಡುವ ಭಾಗ ಕಳೆದುಹೋಗಿ, ಅವು ಎಡೆಬಿಡದೆ ಉತ್ಪಾದನೆಯಾಗುತ್ತವೆ. ಆ ಕೋಶದಿಂದ ಹೊಸ ವೈರಾಣು ಹುಟ್ಟುವುದಿಲ್ಲ, ಕ್ಯಾನ್ಸರ್ ಮಾತ್ರ ಹುಟ್ಟುತ್ತದೆ.

ಸೋಂಕು ತಗಲಿದವರಿಗೆಲ್ಲ ಕ್ಯಾನ್ಸರ್ ಬರುವುದಿಲ್ಲ

ಎಚ್‌ಪಿವಿಯಲ್ಲಿ 200ಕ್ಕೂ ಹೆಚ್ಚು ವಿಧಗಳಿವೆ. ಬಹುತೇಕ ವಿಧಗಳು ನಿರುಪದ್ರವಿ. 6 ಮತ್ತು 11ನೇ ವಿಧಗಳು ಜನನಾಂಗದ ನರೂಲಿಗಳಿಗೆ ಕಾರಣ. ಸುಮಾರು ಒಂದು ಡಜನ್ ವಿಧಗಳು ಮಾತ್ರ ಅಪಾಯಕಾರಿ. ಅವುಗಳಲ್ಲಿ 16 ಮತ್ತು 18ನೇ ವಿಧಗಳೇ ಜಗತ್ತಿನ ಗರ್ಭಕಂಠದ ಕ್ಯಾನ್ಸರುಗಳಲ್ಲಿ ಸುಮಾರು ಶೇಕಡಾ 70ಕ್ಕೆ ಕಾರಣ. ಈ ಸಂಬಂಧವನ್ನು ಸಾಬೀತುಪಡಿಸಿದ ಜರ್ಮನಿಯ ವಿಜ್ಞಾನಿ ಹೆರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ದೊರಕಿತು. ಅವರ ತಂಡವು 1983ರಲ್ಲಿ 16ನೇ ವಿಧವನ್ನು ಗುರುತಿಸಿತ್ತು.

ಸೋಂಕು ತಗಲಿದ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿಯ ದೇಹವು ಎರಡು ವರ್ಷಗಳೊಳಗೆ ವೈರಾಣುವನ್ನು ತಾನಾಗಿಯೇ ಹೊರಹಾಕುತ್ತದೆ. ಉಳಿದವರಲ್ಲಿಯೂ ಕೆಲವರಿಗೆ ಮಾತ್ರ ಕೋಶಗಳಲ್ಲಿ ಬದಲಾವಣೆ ಕಾಣಿಸುತ್ತದೆ. ಆ ಬದಲಾವಣೆ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 10ರಿಂದ 20 ವರ್ಷ ಹಿಡಿಯುತ್ತದೆ. ಎಚ್‌ಐವಿ ಸೋಂಕಿರುವ ಮಹಿಳೆಯರಲ್ಲಿ ರೋಗನಿರೋಧಕ ಶಕ್ತಿ ಕುಗ್ಗಿರುವುದರಿಂದ ಅಪಾಯ ಸುಮಾರು ಆರು ಪಟ್ಟು ಹೆಚ್ಚು. ಅವರಲ್ಲಿ ಈ ಅವಧಿಯೂ ಕಡಿಮೆಯಾಗುತ್ತದೆ. ತಂಬಾಕು ಸೇವನೆಯೂ ಅಪಾಯವನ್ನು ಹೆಚ್ಚಿಸುತ್ತದೆ.

ಹತ್ತು ಇಪ್ಪತ್ತು ವರ್ಷ ಎಂದರೆ ಸಣ್ಣ ಅವಧಿಯಲ್ಲ. ಇಷ್ಟು ದೀರ್ಘ ಕಾಲಾವಕಾಶ ಕೊಡುವ ಕ್ಯಾನ್ಸರುಗಳು ಕಡಿಮೆ. ಆದರೂ ನಮ್ಮ ದೇಶದಲ್ಲಿ ಬಹಳಷ್ಟು ಮಹಿಳೆಯರು ಆಸ್ಪತ್ರೆಗೆ ಬರುವುದು ಕಾಯಿಲೆ ಮುಂದುವರಿದ ನಂತರವೇ. ಆ ಕಾಲಾವಕಾಶವನ್ನು ನುಂಗುತ್ತಿರುವುದು ಬಹುಪಾಲು ನಮ್ಮ ಸಂಕೋಚ ಮತ್ತು ಮೌನ.

ಪುರುಷರೂ ಇದರಿಂದ ಹೊರತಲ್ಲ. ಗಂಟಲು, ಗುದದ್ವಾರ ಮತ್ತು ಪುರುಷ ಜನನಾಂಗದ ಕೆಲವು ಕ್ಯಾನ್ಸರುಗಳಿಗೂ ಎಚ್‌ಪಿವಿ ಕಾರಣವಾಗುತ್ತದೆ. ಆದರೆ ನಮ್ಮಲ್ಲಿ ಹೆಚ್ಚಾಗಿ ಕಾಣುವ ಬಾಯಿಯ ಕ್ಯಾನ್ಸರಿಗೆ ಮುಖ್ಯ ಕಾರಣ ತಂಬಾಕು ಮತ್ತು ಅಡಿಕೆ ಎಂಬುದನ್ನು ಮರೆಯಬಾರದು.

ಇನ್ನೊಂದು ಕುಟುಂಬ: ಪಾಲಿಯೋಮಾ

ಪಾಲಿಯೋಮಾ ಕುಟುಂಬದ ಕಥೆಯಲ್ಲಿ ಭಾರತಕ್ಕೂ ಒಂದು ಪಾತ್ರವಿದೆ. ಪೋಲಿಯೋ ಲಸಿಕೆಯನ್ನು ಹಿಂದೆ ರೀಸಸ್ ಕೋತಿಗಳ ಮೂತ್ರಪಿಂಡದ ಕೋಶಗಳಲ್ಲಿ ತಯಾರಿಸುತ್ತಿದ್ದರು. ಅದಕ್ಕಾಗಿ ಭಾರತದಿಂದ ಅಪಾರ ಸಂಖ್ಯೆಯಲ್ಲಿ ಕೋತಿಗಳು ರಫ್ತಾಗುತ್ತಿದ್ದವು. 1960ರಲ್ಲಿ ಆ ಕೋಶಗಳಲ್ಲಿ ಎಸ್‌ವಿ40 ಎಂಬ ವೈರಾಣು ಪತ್ತೆಯಾಯಿತು. ಅದು ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಪ್ರಾಣಿಯಲ್ಲಿ ಗಡ್ಡೆ ಉಂಟುಮಾಡಿತು. 1955ರಿಂದ 1963ರ ನಡುವೆ ಅಮೆರಿಕದಲ್ಲಿ ಬಳಸಿದ ಕೆಲವು ಲಸಿಕೆಗಳಲ್ಲಿ ಇದು ಸೇರಿಹೋಗಿತ್ತು. ಲಸಿಕೆ ಪಡೆದವರನ್ನು ದಶಕಗಳ ಕಾಲ ಗಮನಿಸಿದರೂ ಅವರಲ್ಲಿ ಕ್ಯಾನ್ಸರ್ ಹೆಚ್ಚಿದ್ದಕ್ಕೆ ಖಚಿತ ಪುರಾವೆ ಸಿಗಲಿಲ್ಲ. ಆದರೆ ಎಸ್‌ವಿ40ರ ಅಧ್ಯಯನದಿಂದಲೇ 1979ರಲ್ಲಿ ಪಿ53 ಪ್ರೋಟೀನು ಪತ್ತೆಯಾಯಿತು. ಇಂದು ಕ್ಯಾನ್ಸರ್ ಬಗ್ಗೆ ನಮಗಿರುವ ತಿಳಿವಳಿಕೆಗೆ ಅದು ಒಂದು ಅಡಿಗಲ್ಲು.

ಇದೇ ಕುಟುಂಬದ ಬಿಕೆ ಮತ್ತು ಜೆಸಿ ವೈರಾಣುಗಳು 1971ರಲ್ಲಿ ಪತ್ತೆಯಾದವು. ಅವು ಬಹುಪಾಲು ವಯಸ್ಕರ ದೇಹದಲ್ಲಿ ಸದ್ದಿಲ್ಲದೆ ಇರುತ್ತವೆ. ಮೂತ್ರಪಿಂಡ ಕಸಿ ಮಾಡಿಸಿಕೊಂಡವರಲ್ಲಿ ಬಿಕೆ ವೈರಾಣು ಎಚ್ಚೆತ್ತು ಹೊಸ ಮೂತ್ರಪಿಂಡವನ್ನು ಹಾಳುಮಾಡಬಹುದು. ಜೆಸಿ ವೈರಾಣು ಏಡ್ಸ್ ರೋಗಿಗಳ ಮಿದುಳಿಗೆ ಹಾನಿ ಮಾಡಬಹುದು. ಭಾರತದಲ್ಲಿ ಈ ಮಿದುಳಿನ ಕಾಯಿಲೆ ಪಶ್ಚಿಮ ದೇಶಗಳಿಗಿಂತ ಏಕೆ ಕಡಿಮೆ ಎಂಬ ಪ್ರಶ್ನೆಯನ್ನು ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು 2003ರಲ್ಲಿಯೇ ಎತ್ತಿದ್ದರು. 2008ರಲ್ಲಿ ಅಮೆರಿಕದ ವಿಜ್ಞಾನಿಗಳು ಮೆರ್ಕೆಲ್ ಕೋಶ ಕ್ಯಾನ್ಸರ್ ಎಂಬ ಅಪರೂಪದ ಚರ್ಮದ ಕ್ಯಾನ್ಸರಿನಲ್ಲಿ ಇನ್ನೊಂದು ಪಾಲಿಯೋಮಾ ವೈರಾಣುವನ್ನು ಕಂಡುಹಿಡಿದರು. ಇವೆಲ್ಲ ಅಪರೂಪದ ಕಾಯಿಲೆಗಳು. ಆದ್ದರಿಂದ ನಮ್ಮ ಮನೆಗಳಿಗೆ ನೇರವಾಗಿ ಸಂಬಂಧಿಸಿದ ಎಚ್‌ಪಿವಿಯತ್ತ ಮರಳೋಣ.

ಇದು ನಡತೆಯ ಪ್ರಮಾಣಪತ್ರವಲ್ಲ

ಇಟಲಿಯ ವೆರೋನಾ ನಗರದ ರಿಗೋನಿ ಸ್ಟರ್ನ್ ಎಂಬ ವೈದ್ಯರು 1842ರಲ್ಲಿ ತಮ್ಮ ನಗರದ ಹಲವು ದಶಕಗಳ ಮರಣ ದಾಖಲೆಗಳನ್ನು ಪರಿಶೀಲಿಸಿ ಒಂದು ವರದಿ ಪ್ರಕಟಿಸಿದರು. ಗರ್ಭಕೋಶದ ಕ್ಯಾನ್ಸರ್ ವಿವಾಹಿತ ಮಹಿಳೆಯರಲ್ಲಿ ಹೆಚ್ಚು, ಧರ್ಮಭಗಿನಿಯರಲ್ಲಿ ಬಹಳ ಕಡಿಮೆ ಎಂದು ಅವರು ಗಮನಿಸಿದ್ದರು. ಧರ್ಮಭಗಿನಿಯರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಿತ್ತು. ದಾಂಪತ್ಯ ಸಂಪರ್ಕದ ಮೂಲಕ ಯಾವುದೋ ಕಾರಣವಸ್ತು ದಾಟುತ್ತಿರಬಹುದು ಎಂಬ ಊಹೆಗೆ ಇದು ಮೊದಲ ಸುಳಿವುಗಳಲ್ಲಿ ಒಂದಾಯಿತು. ಆ ವಸ್ತು ಯಾವುದೆಂದು ತಿಳಿಯಲು ಮತ್ತೆ ಸುಮಾರು 140 ವರ್ಷ ಬೇಕಾಯಿತು.

ಎಚ್‌ಪಿವಿ ಹರಡುವುದು ಮುಖ್ಯವಾಗಿ ಲೈಂಗಿಕ ಸಂಪರ್ಕದಿಂದ ಎಂಬುದು ನಿಜ. ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಈ ವೈರಾಣು ಎಷ್ಟು ಸಾಮಾನ್ಯ ಎಂದರೆ, ದಾಂಪತ್ಯ ಜೀವನ ನಡೆಸುವ ಬಹುತೇಕ ಸ್ತ್ರೀಪುರುಷರಿಗೆ ಜೀವನದಲ್ಲಿ ಒಮ್ಮೆಯಾದರೂ ಇದು ತಗಲುತ್ತದೆ. ಜೀವನಪೂರ್ತಿ ಒಬ್ಬನೇ ಗಂಡನೊಂದಿಗೆ ನಿಷ್ಠೆಯಿಂದ ಬಾಳಿದ ತಾಯಿಗೂ ಬರಬಹುದು. ಸೋಂಕು ಯಾವಾಗ, ಯಾರಿಂದ ಬಂತು ಎಂದು ಹೇಳಬಲ್ಲ ಪರೀಕ್ಷೆ ಇಲ್ಲ. ಹಾಗಿರುವಾಗ ಕಾಯಿಲೆ ಬಂದ ಮಹಿಳೆಯ ನಡತೆಯನ್ನು ಪ್ರಶ್ನಿಸುವುದು ವಿಜ್ಞಾನಕ್ಕೂ ಸಲ್ಲದು, ಕ್ರೈಸ್ತ ಪ್ರೀತಿಗೂ ಸಲ್ಲದು. ಇಂಥ ಒಂದು ಪಿಸುಮಾತಿನ ಭಯಕ್ಕೆ ಹತ್ತಾರು ಮಹಿಳೆಯರು ಪರೀಕ್ಷೆಯನ್ನೇ ಮುಂದೂಡಬಹುದು.

ಪರೀಕ್ಷೆ: ಕೆಲವೇ ನಿಮಿಷಗಳ ಕೆಲಸ

ಆರಂಭದ ಹಂತದಲ್ಲಿ ಈ ಕಾಯಿಲೆಗೆ ಯಾವ ಲಕ್ಷಣವೂ ಇರುವುದಿಲ್ಲ. ಆದ್ದರಿಂದ ಆರೋಗ್ಯವಾಗಿರುವಾಗಲೇ ಪರೀಕ್ಷೆ ಮಾಡಿಸಬೇಕು. ಮೂರು ವಿಧಾನಗಳಿವೆ. ಗರ್ಭಕಂಠದ ಕೋಶಗಳನ್ನು ಸವರಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು ಪ್ಯಾಪ್ ಪರೀಕ್ಷೆ. ಗರ್ಭಕಂಠಕ್ಕೆ ತೆಳು ಅಸಿಟಿಕ್ ಆಮ್ಲ, ಅಂದರೆ ವಿನೆಗರಿನಂಥ ದ್ರಾವಣ ಹಚ್ಚಿ ಬಿಳಿ ಮಚ್ಚೆ ಕಾಣುತ್ತದೆಯೇ ಎಂದು ನೋಡುವುದು ಎರಡನೆಯದು. ಇದನ್ನು ತರಬೇತಿ ಪಡೆದ ದಾದಿಯೇ ಮಾಡಬಹುದು. ವೈರಾಣುವಿನ ಡಿಎನ್‌ಎಯನ್ನೇ ಹುಡುಕುವುದು ಮೂರನೆಯದು.

ಈ ವಿಧಾನಗಳ ಫಲವನ್ನು ನಮ್ಮ ದೇಶದಲ್ಲಿಯೇ ಅಳೆದು ನೋಡಲಾಗಿದೆ. ತಮಿಳುನಾಡಿನ ದಿಂಡಿಗಲ್ ಜಿಲ್ಲೆಯಲ್ಲಿ ಆಮ್ಲದ ಪರೀಕ್ಷೆಯಿಂದ ಗರ್ಭಕಂಠದ ಕ್ಯಾನ್ಸರಿನ ಸಾವು ಶೇಕಡಾ 35ರಷ್ಟು ಇಳಿಯಿತೆಂದು 2007ರಲ್ಲಿ ಪ್ರಕಟವಾಯಿತು. ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯಲ್ಲಿ 1.3 ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು ಒಳಗೊಂಡ ಅಧ್ಯಯನ ನಡೆಯಿತು. ಜೀವನದಲ್ಲಿ ಒಮ್ಮೆ ಮಾಡಿದ ಡಿಎನ್‌ಎ ಪರೀಕ್ಷೆಯೂ ಸಾವನ್ನು ಸುಮಾರು ಅರ್ಧಕ್ಕೆ ಇಳಿಸಿತೆಂದು 2009ರಲ್ಲಿ ಅದರ ವರದಿ ತಿಳಿಸಿತು.

ಸರಕಾರದ ಮಾರ್ಗಸೂಚಿಯು 30ರಿಂದ 65 ವರ್ಷದ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಬೇಕೆಂದು 2016ರಲ್ಲಿಯೇ ಹೇಳಿದೆ. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49 ವರ್ಷದ ಮಹಿಳೆಯರಲ್ಲಿ ಒಮ್ಮೆಯಾದರೂ ಈ ಪರೀಕ್ಷೆ ಮಾಡಿಸಿಕೊಂಡವರು ಶೇಕಡಾ 1.9 ಮಾತ್ರ. ನೂರರಲ್ಲಿ ಇಬ್ಬರೂ ಇಲ್ಲ.

ಬೆಂಗಳೂರಿನ ಕಿದ್ವಾಯಿ ಸಂಸ್ಥೆಯು 1982ರಿಂದ ನಗರದ ಕ್ಯಾನ್ಸರ್ ರೋಗಿಗಳ ದಾಖಲೆ ಇಡುತ್ತಾ ಬಂದಿದೆ. ಆರಂಭದ ವರ್ಷಗಳಲ್ಲಿ ಬೆಂಗಳೂರಿನ ಮಹಿಳೆಯರಲ್ಲಿ ಮೊದಲ ಸ್ಥಾನ ಗರ್ಭಕಂಠದ ಕ್ಯಾನ್ಸರಿಗಿತ್ತು. ಕ್ರಮೇಣ ಅದು ಇಳಿದು ಸ್ತನ ಕ್ಯಾನ್ಸರ್ ಮುಂದೆ ಬಂತು. ತಡವಾದ ಮದುವೆ, ಕಡಿಮೆ ಹೆರಿಗೆ, ಉತ್ತಮ ಜೀವನಮಟ್ಟ ಇದಕ್ಕೆ ಕಾರಣ ಎಂದು ತಜ್ಞರು ಹೇಳುತ್ತಾರೆ. ಈ ಇಳಿಕೆಯ ಲಾಭ ಎಲ್ಲರಿಗೂ ಸಮನಾಗಿ ತಲಪುವುದಿಲ್ಲ. ಬೇಗ ಮದುವೆಯಾಗಿ, ಹೆಚ್ಚು ಮಕ್ಕಳನ್ನು ಹೆತ್ತು, ದಿನಗೂಲಿಯಲ್ಲಿ ಬದುಕುವ ಮಹಿಳೆಗೆ ಅಪಾಯ ಈಗಲೂ ಹೆಚ್ಚು. ಒಂದು ದಿನ ಪರೀಕ್ಷೆಗೆ ಹೋದರೆ ಆಕೆಗೆ ಒಂದು ದಿನದ ಸಂಬಳ ನಷ್ಟ.

ಸಂಪರ್ಕದ ನಂತರ ರಕ್ತಸ್ರಾವ, ಮುಟ್ಟಿನ ನಡುವೆ ಅಥವಾ ಮುಟ್ಟು ನಿಂತ ಮೇಲೆ ರಕ್ತಸ್ರಾವ, ದುರ್ವಾಸನೆಯ ಬಿಳಿಸ್ರಾವ: ಇವುಗಳಲ್ಲಿ ಯಾವುದು ಕಂಡರೂ ಮುಂದಿನ ಶಿಬಿರಕ್ಕೆ ಕಾಯದೆ ವೈದ್ಯರ ಬಳಿ ಹೋಗಬೇಕು. ಕ್ಯಾನ್ಸರಿಗೆ ಮುಂಚಿನ ಹಂತವನ್ನು ಶಾಖ ಅಥವಾ ಶೀತ ಚಿಕಿತ್ಸೆಯಿಂದ ಹೆಚ್ಚಾಗಿ ಒಂದೇ ಭೇಟಿಯಲ್ಲಿ ಗುಣಪಡಿಸಬಹುದು.

ಲಸಿಕೆ: ಸಂದೇಹಗಳಿಗೆ ಉತ್ತರ

ಎಚ್‌ಪಿವಿ ಲಸಿಕೆ ಜಗತ್ತಿನಲ್ಲಿ ಮೊದಲು ಬಂದದ್ದು 2006ರಲ್ಲಿ. ಪುಣೆಯ ಸೀರಮ್ ಸಂಸ್ಥೆಯ ಸೆರ್ವಾವ್ಯಾಕ್ ಲಸಿಕೆಗೆ 2022ರಲ್ಲಿ ಅನುಮತಿ ಸಿಕ್ಕಿತು. 9ರಿಂದ 14 ವರ್ಷದ ಹುಡುಗಿಯರಿಗೆ ಕೊಡುವುದು ಅತ್ಯುತ್ತಮ. ಸೋಂಕು ತಗಲುವ ಮೊದಲೇ ರಕ್ಷಣೆ ಸಿಗಬೇಕೆಂಬುದೇ ಇದರ ಉದ್ದೇಶ. 20 ವರ್ಷದವರೆಗಿನವರಿಗೆ ಒಂದು ಡೋಸ್ ಕೂಡ ಸಾಕಾಗಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ತಿಳಿಸಿತು. ಸಿಕ್ಕಿಂ ರಾಜ್ಯವು 2018ರಲ್ಲಿಯೇ ತನ್ನ ಬಹುತೇಕ ಎಲ್ಲ ಹುಡುಗಿಯರಿಗೆ ಈ ಲಸಿಕೆ ಕೊಟ್ಟು ಮಾದರಿಯಾಯಿತು. ಲಸಿಕೆ ಪಡೆದವರೂ ಮುಂದೆ ಪರೀಕ್ಷೆ ಮಾಡಿಸಿಕೊಳ್ಳಲೇಬೇಕು, ಏಕೆಂದರೆ ಅದು ಎಲ್ಲ ವಿಧಗಳನ್ನು ತಡೆಯುವುದಿಲ್ಲ.

ಲಸಿಕೆಯಲ್ಲಿ ಜೀವಂತ ವೈರಾಣು ಇದೆಯೇ? ಇಲ್ಲ. ವೈರಾಣುವಿನ ಹೊರಕವಚದ ಪ್ರೋಟೀನು ಮಾತ್ರ ಇದೆ, ಡಿಎನ್‌ಎ ಇಲ್ಲ. ಅದನ್ನು ಯೀಸ್ಟ್‌ನಂಥ ಕೋಶಗಳಲ್ಲಿ ತಯಾರಿಸುತ್ತಾರೆ. ಭ್ರೂಣದ ಕೋಶಗಳ ಬಳಕೆಯ ಪ್ರಶ್ನೆ ಇಲ್ಲಿ ಬರುವುದಿಲ್ಲ.

ಲಸಿಕೆ ಕೊಟ್ಟರೆ ಮಕ್ಕಳು ದಾರಿ ತಪ್ಪುವುದಿಲ್ಲವೇ? ಈ ಭಯ ನಮ್ಮ ಪೋಷಕರಿಗೆ ಮಾತ್ರ ಇದ್ದದ್ದಲ್ಲ. ಕೆನಡಾದ ಕ್ಯಾಲ್ಗರಿ ನಗರದ ಕಥೊಲಿಕ ಶಾಲಾ ಮಂಡಳಿಯು 2008ರಲ್ಲಿ ತನ್ನ ಶಾಲೆಗಳಲ್ಲಿ ಈ ಲಸಿಕೆ ಕೊಡುವುದಕ್ಕೆ ಅನುಮತಿ ನಿರಾಕರಿಸಿತ್ತು. ಚರ್ಚೆಯ ನಂತರ 2012ರಲ್ಲಿ ಅದೇ ಮಂಡಳಿ ಆ ನಿರ್ಧಾರವನ್ನು ಹಿಂತೆಗೆದುಕೊಂಡಿತು. ಲಸಿಕೆಯಿಂದ ಹುಡುಗಿಯರ ನಡತೆ ಬದಲಾಗುತ್ತದೆ ಎಂಬುದನ್ನು ಅಧ್ಯಯನಗಳು ಒಪ್ಪಿಲ್ಲ. ಧನುರ್ವಾಯುವಿನ ಚುಚ್ಚುಮದ್ದು ಪಡೆದ ಮಗು ತುಕ್ಕು ಮೊಳೆಯನ್ನು ಹುಡುಕಿಕೊಂಡು ಹೋಗುವುದಿಲ್ಲ. ನೈತಿಕ ಶಿಕ್ಷಣ ಮನೆಯಲ್ಲಿ, ಧರ್ಮೋಪದೇಶ ತರಗತಿಯಲ್ಲಿ ನಡೆಯಬೇಕಾದ ಕೆಲಸ. ಕ್ಯಾನ್ಸರಿನ ಭಯ ಅದಕ್ಕೆ ಬದಲಿಯಾಗಲಾರದು.

ಲಸಿಕೆಯಿಂದ ಹುಡುಗಿಯರು ಸತ್ತರು ಎಂಬ ಸುದ್ದಿ ನಿಜವೇ? 2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ಪ್ರಾಯೋಗಿಕವಾಗಿ ಲಸಿಕೆ ಕೊಡಲಾಯಿತು. ಲಸಿಕೆ ಪಡೆದ ಏಳು ಹುಡುಗಿಯರ ಸಾವಿನ ಸುದ್ದಿ ಬಂದು 2010ರ ಏಪ್ರಿಲ್‌ನಲ್ಲಿ ಯೋಜನೆ ನಿಂತಿತು. ಆ ಸಾವುಗಳಿಗೆ ಲಸಿಕೆ ಕಾರಣವೆಂದು ತನಿಖೆಯಲ್ಲಿ ಕಂಡುಬರಲಿಲ್ಲ. ಆದರೆ ಹಲವೆಡೆ ಹೆತ್ತವರ ಬದಲು ಹಾಸ್ಟೆಲ್ ವಾರ್ಡನ್‌ಗಳೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದರು ಎಂಬುದು ಬಯಲಾಯಿತು. ಶಾಲೆ, ಹಾಸ್ಟೆಲ್, ಬೋರ್ಡಿಂಗ್ ನಡೆಸುವ ನಮ್ಮ ಸಂಸ್ಥೆಗಳು ಇದನ್ನು ಚೆನ್ನಾಗಿ ನೆನಪಿಡಬೇಕು. ಒಳ್ಳೆಯ ಔಷಧವನ್ನೂ ಕೇಳದೆ ಕೊಟ್ಟರೆ ವಿಶ್ವಾಸ ಮುರಿಯುತ್ತದೆ. ಮುರಿದ ವಿಶ್ವಾಸದ ಬೆಲೆ ತೆರುವವರು ಮುಂದಿನ ತಲೆಮಾರಿನ ಹುಡುಗಿಯರು.

ದಂಡು ಪ್ರದೇಶ ಕಲಿಸುವ ಪಾಠ

ಮತ್ತೆ ಶಿವಾಜಿನಗರಕ್ಕೆ ಬರೋಣ. ಘೋಷಾ ಎಂದರೆ ಪರದೆ. ಪುರುಷ ವೈದ್ಯರಿಗೆ ಮುಖ ತೋರಿಸಲು ಸಂಕೋಚಪಡುತ್ತಿದ್ದ ಮಹಿಳೆಯರಿಗಾಗಿ 1925ರಲ್ಲಿ ಘೋಷಾ ಆಸ್ಪತ್ರೆ ಆರಂಭವಾಯಿತು. ದಾನಿ ಹಾಜಿ ಸರ್ ಇಸ್ಮಾಯಿಲ್ ಸೇಠ್ ಅವರ ಹೆಸರು ಅದಕ್ಕೆ ಉಳಿದಿದೆ. ಲೇಡಿ ಕರ್ಜನ್ ಆಸ್ಪತ್ರೆಯನ್ನೂ ಮಹಿಳೆಯರಿಗೆಂದೇ ಕಟ್ಟಿದ್ದರು. ಗುಡ್ ಶೆಫರ್ಡ್ ಭಗಿನಿಯರು 1886ರಲ್ಲಿ ಬೆಂಗಳೂರಿನಲ್ಲಿ ಸಂತ ಮಾರ್ತಾ ಆಸ್ಪತ್ರೆ ತೆರೆದಾಗಲೂ ಸ್ತ್ರೀಯರ ಪಕ್ಕದಲ್ಲಿ ನಿಂತದ್ದು ಸ್ತ್ರೀಯರೇ. ಇವರಾರೂ ಮಹಿಳೆಯರ ಸಂಕೋಚವನ್ನು ಗೇಲಿ ಮಾಡಲಿಲ್ಲ, ಅದನ್ನು ಗೌರವಿಸಿ ಅದಕ್ಕೆ ತಕ್ಕ ಬಾಗಿಲು ಮಾಡಿಕೊಟ್ಟರು.

ಇಂದು ಅಂಥ ಇನ್ನೊಂದು ಬಾಗಿಲು ಇದೆ. ಡಿಎನ್‌ಎ ಪರೀಕ್ಷೆಗೆ ಬೇಕಾದ ಮಾದರಿಯನ್ನು ಮಹಿಳೆ ಬಾಗಿಲು ಹಾಕಿಕೊಂಡು ತಾನೇ ಒಂದು ಪುಟ್ಟ ಬ್ರಷ್‌ನಿಂದ ತೆಗೆದುಕೊಡಬಹುದು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಒಪ್ಪಿದೆ. ಯಾರ ಮುಂದೆಯೂ ಮಲಗಬೇಕಾಗಿಲ್ಲ. ಫಲಿತಾಂಶದಲ್ಲಿ ವೈರಾಣು ಕಂಡವರು ಮಾತ್ರ ಮುಂದಿನ ತಪಾಸಣೆಗೆ ಹೋದರೆ ಸಾಕು.

ನಮ್ಮ ಧರ್ಮಕೇಂದ್ರಗಳು ಏನು ಮಾಡಬಹುದು?

1. ಸ್ತ್ರೀ ಸಂಘಟನೆ ಮತ್ತು ಕಿರು ಕ್ರೈಸ್ತ ಸಮುದಾಯಗಳ ಸಭೆಯಲ್ಲಿ ವರ್ಷಕ್ಕೊಮ್ಮೆಯಾದರೂ ವೈದ್ಯೆ ಅಥವಾ ದಾದಿಯಿಂದ ಈ ವಿಷಯ ತಿಳಿಸಿರಿ. ಪುರುಷರಿಗೂ ಪ್ರತ್ಯೇಕವಾಗಿ ತಿಳಿಸಿರಿ. ಹೆಂಡತಿಯನ್ನು ಪರೀಕ್ಷೆಗೆ ಕರೆದೊಯ್ಯುವ ಗಂಡ ಆಕೆಯ ಅರ್ಧ ಭಯವನ್ನು ಕಳೆಯುತ್ತಾನೆ.

2. ಶಿಬಿರವನ್ನು ರವಿವಾರ ಇಡಿರಿ. ದಿನಗೂಲಿಯವರಿಗೆ ಅಂದು ಸಂಬಳ ತಪ್ಪುವುದಿಲ್ಲ. ಮಹಿಳಾ ಸಿಬ್ಬಂದಿ, ಮರೆಯಿರುವ ಕೋಣೆ, ಗುಟ್ಟಾಗಿ ಇಡುವ ದಾಖಲೆ, ಇವು ಮೂರೂ ಇರಲಿ.

3. ಫಲಿತಾಂಶ ಬಂದ ಮೇಲೆ ಕೈಬಿಡಬೇಡಿರಿ. ದೋಷ ಕಂಡವರನ್ನು ಆಸ್ಪತ್ರೆಗೆ ತಲಪಿಸುವವರೆಗೂ ಒಬ್ಬರು ಜೊತೆಗಿರಲಿ. ಬಡ ಕುಟುಂಬಗಳು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನೆರವು ಪಡೆಯುವಂತೆ ಸಹಾಯ ಮಾಡಿರಿ.

4. ಉಚಿತ ಲಸಿಕೆ ಯಾವ ವಯಸ್ಸಿನವರಿಗೆ, ಎಲ್ಲಿ ಸಿಗುತ್ತದೆ ಎಂದು ಹತ್ತಿರದ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ ಪೋಷಕರಿಗೆ ತಿಳಿಸಿರಿ. ಒಪ್ಪಿಗೆಯನ್ನು ಹೆತ್ತವರಿಂದಲೇ, ವಿವರಿಸಿ ಪಡೆಯಿರಿ.

5. ಬೆಂಗಳೂರಿನಂಥ ನಗರದಲ್ಲಿ ಒಂಟಿಯಾಗಿ ದುಡಿಯುವ ಹೆಣ್ಣುಮಕ್ಕಳನ್ನು ಮರೆಯಬೇಡಿರಿ. ಊರಿನಿಂದ ಫೋನ್ ಮಾಡುವ ತಾಯಿ "ಊಟ ಆಯಿತೇ?" ಎಂದು ಕೇಳುವಂತೆ "ಪರೀಕ್ಷೆ ಮಾಡಿಸಿದೆಯಾ?" ಎಂದೂ ಕೇಳಲಿ. ತಾಯಿಯೂ ಮಾಡಿಸಿಕೊಂಡಿರಲಿ.

ಜಗತ್ತಿನಿಂದ ಈ ಕಾಯಿಲೆಯನ್ನು ಹಿಮ್ಮೆಟ್ಟಿಸಲು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಮೂರು ಗುರಿಗಳನ್ನು ಇಟ್ಟಿದೆ. ಶೇಕಡಾ 90 ಹುಡುಗಿಯರಿಗೆ 15 ವರ್ಷದೊಳಗೆ ಲಸಿಕೆ, ಶೇಕಡಾ 70 ಮಹಿಳೆಯರಿಗೆ 35 ಮತ್ತು 45ರ ವಯಸ್ಸಿನೊಳಗೆ ಪರೀಕ್ಷೆ, ಕಾಯಿಲೆ ಕಂಡವರಲ್ಲಿ ಶೇಕಡಾ 90 ಮಂದಿಗೆ ಚಿಕಿತ್ಸೆ. ಇವುಗಳಲ್ಲಿ ಆಸ್ಪತ್ರೆ ಮತ್ತು ಸರಕಾರ ಮಾಡಬೇಕಾದದ್ದು ಬಹಳಷ್ಟಿದೆ. ಆದರೆ ಮನೆಯಲ್ಲಿ ಈ ಕಾಯಿಲೆಯ ಹೆಸರನ್ನು ನಾಚಿಕೆಯಿಲ್ಲದೆ ಹೇಳುವ ಕೆಲಸ ನಮ್ಮದೇ. ಈ ವಾರ ನಿಮ್ಮ ಮನೆಯ 30 ದಾಟಿದ ಮಹಿಳೆಯರೊಂದಿಗೆ ಒಮ್ಮೆ ಈ ವಿಷಯ ಮಾತನಾಡಿರಿ, ಹತ್ತಿರದ ಆಸ್ಪತ್ರೆಯಲ್ಲಿ ಪರೀಕ್ಷೆಯ ದಿನ ಯಾವುದೆಂದು ಕೇಳಿ ತಿಳಿದುಕೊಳ್ಳಿರಿ.